ಮೂರು ತಲೆಮಾರು, ಒಂದೇ ಪಾರ್ಕ್: ನೆನಪು ಉಳಿಯುವ ಹಾಗೆ ಹೋಗಿಬರುವುದು ಹೇಗೆ?

ಮನೆಯವರೆಲ್ಲ ಸೇರಿ ಅಮ್ಯೂಸ್‌ಮೆಂಟ್ ಪಾರ್ಕ್‌ಗೆ ಹೋಗುವ ಮಾತು ಬಂದಾಗ ಹಿರಿಯರ ಉತ್ತರ ಸಾಮಾನ್ಯವಾಗಿ ಒಂದೇ: "ನೀವು ಹೋಗಿ ಬನ್ನಿ, ನಮಗೇನಿದೆ ಅಲ್ಲಿ?" ಒತ್ತಾಯ ಮಾಡಿದರೆ ಬರುತ್ತಾರೆ. ಆದರೆ ದಿನವಿಡೀ ಬ್ಯಾಗು, ಚಪ್ಪಲಿ, ಮೊಬೈಲು ಕಾಯುತ್ತಾ ಬೆಂಚಿನ ಮೇಲೆ ಕೂತಿರುತ್ತಾರೆ. ಸಂಜೆ ಮಕ್ಕಳ ಮೊಬೈಲಿನಲ್ಲಿ ಫೋಟೊ ತುಂಬಿರುತ್ತವೆ. ಅಜ್ಜಿ ಇರುವುದು ಗೇಟಿನ ಮುಂದೆ ತೆಗೆದ ಒಂದರಲ್ಲಿ ಮಾತ್ರ.

ಇದು ಹೀಗೆ ಆಗಬೇಕಿಲ್ಲ. ದಿನದ ಯೋಜನೆಯನ್ನು ಸ್ವಲ್ಪ ಬದಲಿಸಿದರೆ ಸಾಕು, ಅದೇ ಟಿಕೆಟ್, ಅದೇ ಪಾರ್ಕ್ ಮೂರು ತಲೆಮಾರಿಗೂ ನೆನಪಾಗಿ ಉಳಿಯುತ್ತದೆ. ಮುಖ್ಯವಾದದ್ದು ಎರಡೇ ಕೆಲಸ. ಎಲ್ಲರೂ ಒಟ್ಟಿಗೆ ಮಾಡುವಂಥದ್ದನ್ನು ಮೊದಲೇ ಆರಿಸಿಕೊಳ್ಳಬೇಕು. ಮನೆಗೆ ಬಂದ ಮೇಲೆ ಅದರ ಬಗ್ಗೆ ಮತ್ತೆ ಮತ್ತೆ ಮಾತಾಡಬೇಕು. ಎರಡನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಅದೇ ಜಾಸ್ತಿ ಮುಖ್ಯ.

ಉದಾಹರಣೆಗೆ ಬಿಡದಿ ಹತ್ತಿರದ ವಂಡರ್‌ಲಾವನ್ನು ಇಟ್ಟುಕೊಂಡಿದ್ದೇನೆ. ಇದು ಶುರುವಾದದ್ದು 2005ರಲ್ಲಿ. ಆಗ ಸ್ಕೂಲು, ಕಾಲೇಜಿನಲ್ಲಿದ್ದು ಗೆಳೆಯರ ಜೊತೆ ಹೋದವರು ಈಗ ತಮ್ಮ ಮಕ್ಕಳ ಕೈಹಿಡಿದು ಅದೇ ಗೇಟಿನ ಮುಂದೆ ನಿಲ್ಲುತ್ತಿದ್ದಾರೆ. ಮೈಸೂರಿನ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್‌ಗೆ ಹೋಗುವವರಿಗೂ ಇಲ್ಲಿ ಹೇಳಿದ್ದು ಹೆಚ್ಚುಕಡಿಮೆ ಹೊಂದುತ್ತದೆ.

ಹೆಜ್ಜೆ 1: ಒಟ್ಟಿಗೆ ಮಾಡುವ ಮೂರು ಸಂಗತಿ ಆರಿಸಿ

ಲಾಸ್ ಏಂಜಲಿಸ್‌ನಲ್ಲಿ ಗ್ರಿಫಿತ್ ಪಾರ್ಕ್ ಅಂತ ಒಂದು ಜಾಗವಿದೆ. ಅಲ್ಲಿನ ಮೆರ್ರಿ-ಗೋ-ರೌಂಡಿಗೆ ವಾಲ್ಟ್ ಡಿಸ್ನಿ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದರು. ಮಕ್ಕಳು ಮರದ ಕುದುರೆ ಏರಿ ಸುತ್ತುವಾಗ ಅವರು ಬೆಂಚಿನ ಮೇಲೆ ಕೂತಿರುತ್ತಿದ್ದರು. ಅಪ್ಪ-ಅಮ್ಮನೂ ಮಕ್ಕಳೂ ಜೊತೆಯಾಗಿ ಖುಷಿಪಡುವ ಜಾಗ ಯಾಕಿರಬಾರದು ಎಂಬ ಯೋಚನೆ ಅಲ್ಲೇ ಮೂಡಿತು ಎಂದು ಅವರು ಮುಂದೆ ಹೇಳಿಕೊಂಡಿದ್ದಾರೆ. 1955ರ ಜುಲೈ 17ರಂದು ಆನಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ಡಿಸ್ನಿಲ್ಯಾಂಡ್ ಎಂಬ ಕಲ್ಪನೆಯೇ ಬೆಂಚಿನ ಮೇಲೆ ಸುಮ್ನೆ ಕೂತ ಅಪ್ಪನಿಂದ ಹುಟ್ಟಿದ್ದು. ಹಾಗಿರುವಾಗ ನಮ್ಮ ಹಿರಿಯರನ್ನು ಮತ್ತೆ ಬೆಂಚಿಗೆ ಕಳಿಸುವುದು ಸರಿಯಲ್ಲ, ಅಲ್ವಾ?

ಹೋಗುವ ವಾರ ಮೊದಲೇ ಪಾರ್ಕಿನ ವೆಬ್‌ಸೈಟ್ ತೆರೆದು ರೈಡ್‌ಗಳ ಪಟ್ಟಿ ನೋಡಿ. ಮನೆಯ ಅತಿ ಹಿರಿಯರೂ ಅತಿ ಕಿರಿಯರೂ ಇಬ್ಬರೂ ಕೂರಬಹುದಾದ ಮೂರನ್ನು ಗುರುತಿಸಿ. ವಂಡರ್‌ಲಾದಲ್ಲಿ ನಿಧಾನವಾಗಿ ಸುತ್ತುವ ರೈಡ್‌ಗಳಿವೆ. ನೀರಿನ ಕಡೆ ಲೇಜಿ ರಿವರ್ ಇದೆ, ಟ್ಯೂಬ್ ಮೇಲೆ ಕೂತು ಮೆಲ್ಲಗೆ ತೇಲುತ್ತಾ ಹೋಗಬಹುದು. ವೇವ್ ಪೂಲ್‌ನಲ್ಲಿ ದಡದ ಹತ್ತಿರ ಮೊಣಕಾಲುದ್ದ ನೀರಿನಲ್ಲೇ ನಿಂತು ಅಲೆಗೆ ಮೈಯೊಡ್ಡಬಹುದು. ಮ್ಯೂಸಿಕಲ್ ಫೌಂಟನ್, ಲೇಸರ್ ಶೋ ಅಂತೂ ಎಲ್ಲರಿಗೂ ಆಗುತ್ತದೆ.

ಈ ಮೂರು ಸಂಗತಿ ಆ ದಿನದ ಕಂಬಗಳು. ಉಳಿದ ಹೊತ್ತಿನಲ್ಲಿ ಹುಡುಗರು ರಿಕಾಯಿಲ್ ಎಂಬ ರೋಲರ್ ಕೋಸ್ಟರ್ ಏರಿ ಹಿಂದುಮುಂದಾಗಿ ಸುತ್ತಿ ಬರಲಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಈ ಮೂರು ಹೊತ್ತಿಗೆ ಎಲ್ಲರೂ ಸೇರಲೇಬೇಕು ಎಂದು ಮನೆಯಲ್ಲೇ ಮಾತಾಗಿರಲಿ. ಆರಿಸುವ ಕೆಲಸವನ್ನು ಮಕ್ಕಳಿಗೇ ಕೊಡಿ. "ಅಜ್ಜಿ ಕೂರಬಹುದಾದದ್ದು ಯಾವುದು ಹುಡುಕು" ಅಂದರೆ ಎಂಟು ವರ್ಷದ ಹುಡುಗಿ ಎಷ್ಟು ಶ್ರದ್ಧೆಯಿಂದ ಹುಡುಕುತ್ತಾಳೆ ನೋಡಿ. ಅಜ್ಜಿಯ ಮಂಡಿನೋವಿನ ಬಗ್ಗೆ ಅವಳು ಆಗಲೇ ಮೊದಲ ಸಲ ಗಮನಕೊಟ್ಟು ಕೇಳುತ್ತಾಳೆ.

ಹೆಜ್ಜೆ 2: ದಿನ ಯಾವುದು?

ಏಪ್ರಿಲ್-ಮೇ ರಜೆಯ ಶನಿವಾರ, ಭಾನುವಾರ ಬೇಡ. ಬಿಸಿಲು ಒಂದು ಕಡೆ, ಜನ ಇನ್ನೊಂದು ಕಡೆ. ಹಿರಿಯರಿಗೆ ಎರಡೂ ಕಷ್ಟ. ರಜೆಯಲ್ಲೇ ಹೋಗಬೇಕಿದ್ದರೆ ವಾರದ ನಡುವಿನ ದಿನ ನೋಡಿ. ಶಾಲೆ ಶುರುವಾದ ಮೇಲೆ ಜೂನ್-ಜುಲೈನಲ್ಲಿ ಬಿಡದಿ ಕಡೆ ಹವೆ ಹಿತವಾಗಿರುತ್ತದೆ, ಜನವೂ ಕಡಿಮೆ. ಮಕ್ಕಳಿಗೆ ಒಂದು ದಿನ ರಜೆ ಹಾಕಿಸಿದರೆ ಏನೂ ತಪ್ಪಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಚಳಿಗಾಲದಲ್ಲಿ ಹೋಗುವುದಾದರೆ ನೀರಿನ ಆಟವನ್ನು ನಡುಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.

ಟಿಕೆಟ್ ಆನ್‌ಲೈನ್‌ನಲ್ಲೇ ಮಾಡಿಸಿ. ಹಿರಿಯ ನಾಗರಿಕರ ರಿಯಾಯಿತಿ ಇದ್ದರೆ ವಯಸ್ಸಿನ ಗುರುತಿನ ಚೀಟಿ ಜೊತೆಗಿರಲಿ. ಸಾಲು ಚಿಕ್ಕದಾಗುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಕೂಡ ಸಿಗುತ್ತದೆ. ಜನ ಜಾಸ್ತಿ ಇರುವ ದಿನ, ಹಿರಿಯರು ಜೊತೆಗಿದ್ದರೆ, ಅದಕ್ಕೆ ಖರ್ಚು ಮಾಡಬಹುದು. ವಾರದ ದಿನ ಅದರ ಅಗತ್ಯ ಬೀಳುವುದಿಲ್ಲ.

ಹೆಜ್ಜೆ 3: ಎತ್ತರ ಅಳೆಯಿರಿ, ಮಾತ್ರೆ ಲೆಕ್ಕ ಮಾಡಿ

ಜೋರಾದ ಹಲವು ರೈಡ್‌ಗಳಿಗೆ 140 ಸೆಂಟಿಮೀಟರ್ ಎತ್ತರದ ಮಿತಿ ಇದೆ. ಮನೆಯ ಗೋಡೆಗೆ ಮಗುವನ್ನು ನಿಲ್ಲಿಸಿ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ, ಪಕ್ಕದಲ್ಲಿ ತಾರೀಕು ಬರೆಯಿರಿ. ಮಗು ಎಷ್ಟಿದೆ ಅಂತ ಮೊದಲೇ ಗೊತ್ತಿದ್ದರೆ ಅಲ್ಲಿ ಸಾಲಿನ ಕೊನೆಗೆ ಹೋಗಿ ವಾಪಸ್ ಬಂದು ಅಳುವುದು ತಪ್ಪುತ್ತದೆ. ಆ ಗೆರೆ ಮುಂದಿನ ಸಲಕ್ಕೂ ಬೇಕು. ಅದರ ಮಾತು ಆಮೇಲೆ.

ಹೃದಯದ ತೊಂದರೆ, ಬಿಪಿ, ಕುತ್ತಿಗೆ ಅಥವಾ ಬೆನ್ನುನೋವು ಇರುವವರು, ಗರ್ಭಿಣಿಯರು ಜೋರಾದ ರೈಡ್ ಹತ್ತಬಾರದು. ಇದರಲ್ಲಿ ರಾಜಿ ಇಲ್ಲ. "ಏನೂ ಆಗಲ್ಲ, ಬನ್ನಿ ತಾತ" ಅಂತ ಹುಡುಗರು ಎಳೆಯುವಾಗ ನಡುವಯಸ್ಸಿನವರು ಗಟ್ಟಿಯಾಗಿ ನಿಲ್ಲಬೇಕು. ಹೊರಗಿನ ಊಟ-ತಿಂಡಿಯನ್ನು ಇಂಥ ಪಾರ್ಕ್‌ಗಳು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಮನೆಯಲ್ಲಿ ಶುಗರ್ ಇರುವವರಿದ್ದರೆ, ಹಾಲು ಕುಡಿಯುವ ಮಗು ಇದ್ದರೆ, ಏನು ತರಬಹುದು ಎಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಮಾತ್ರೆಗಳನ್ನು ಲಾಕರ್‌ನಲ್ಲಿ ಇಡಬೇಡಿ, ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಒಬ್ಬರ ಹತ್ತಿರ ಇರಲಿ.

ಹೆಜ್ಜೆ 4: ಅಜ್ಜಿಯ ಬಟ್ಟೆ

ಇದಕ್ಕೆ ಬೇರೆಯೇ ಒಂದು ಹೆಜ್ಜೆ ಯಾಕೆ ಅನ್ನಿಸಬಹುದು. ಆದರೆ ನಮ್ಮ ಕಡೆ ಎಷ್ಟೋ ಅಜ್ಜಿಯಂದಿರು ನೀರಿಗೆ ಇಳಿಯದೇ ಉಳಿಯುವುದು ಭಯದಿಂದಲ್ಲ, ಬಟ್ಟೆಯಿಂದ. ನೀರಿನ ರೈಡ್‌ಗಳಿಗೆ ನೈಲಾನ್ ಅಥವಾ ಸಿಂಥೆಟಿಕ್ ಬಟ್ಟೆಯೇ ಬೇಕು. ಸೀರೆ, ಚೂಡಿದಾರ, ಪಂಚೆ ನಡೆಯುವುದಿಲ್ಲ. ಉದ್ದನೆಯ ಸೆರಗು, ದುಪ್ಪಟ್ಟಾ ನೀರಿನಲ್ಲಿ ಸಿಕ್ಕಿಕೊಂಡರೆ ಅಪಾಯ. ಹತ್ತಿ ಬಟ್ಟೆ ನೀರು ಹೀರಿ ಭಾರವಾಗುತ್ತದೆ. ನಿಯಮ ಸರಿಯಾದದ್ದೇ.

ಅಲ್ಲಿಗೆ ಹೋದ ಮೇಲೆ ಇದು ಗೊತ್ತಾದರೆ ಅಜ್ಜಿ ಬೆಂಚಿಗೆ ಹೋಗುತ್ತಾರೆ, ಅಷ್ಟೇ. ಅದಕ್ಕೇ ಒಂದು ವಾರ ಮೊದಲು ಮಗಳೋ ಸೊಸೆಯೋ ಅಂಗಡಿಗೆ ಕರೆದುಕೊಂಡು ಹೋಗಲಿ. ಗಾಢ ಬಣ್ಣದ, ಸಡಿಲವಾದ, ತುಂಬುತೋಳಿನ ಸಿಂಥೆಟಿಕ್ ಟೀ ಶರ್ಟ್, ಪಾದದವರೆಗೆ ಬರುವ ನೈಲಾನ್ ಟ್ರ್ಯಾಕ್ ಪ್ಯಾಂಟ್ ಕೊಂಡುಕೊಳ್ಳಿ. ಮನೆಯಲ್ಲೇ ಒಮ್ಮೆ ಹಾಕಿ ನೋಡಲಿ. ಕನ್ನಡಿ ಮುಂದೆ ನಾಚಿಕೊಂಡು ನಗುವುದು ಮನೆಯಲ್ಲೇ ಆಗಿಹೋದರೆ ಪಾರ್ಕ್‌ನಲ್ಲಿ ಹಗುರವಾಗಿರುತ್ತದೆ. ಸೊಸೆಯೂ ಅದೇ ಥರದ್ದನ್ನು ಹಾಕಿಕೊಂಡರೆ ಇನ್ನೂ ಒಳ್ಳೆಯದು. ಇಷ್ಟಾದ ಮೇಲೂ ಅಜ್ಜಿ "ನನಗೆ ಬೇಡಮ್ಮ" ಅಂದರೆ ಅಲ್ಲಿಗೆ ಬಿಟ್ಟುಬಿಡಿ. ಆಗ ಒಟ್ಟಿಗೆ ಮಾಡುವ ಮೂರೂ ಸಂಗತಿ ಒಣ ನೆಲದ್ದೇ ಆಗಲಿ.

ಕಾಲಿಗೆ ಹಿಡಿತವಿರುವ ರಬ್ಬರ್ ಚಪ್ಪಲಿ ಬೇಕು. ನೀರಿನ ರೈಡ್‌ಗಳ ಸುತ್ತ ನೆಲ ಯಾವಾಗಲೂ ಒದ್ದೆ. ಹಿರಿಯರಿಗೆ ಅಲ್ಲಿ ರೈಡ್‌ಗಿಂತ ನಡಿಗೆಯೇ ಜಾಸ್ತಿ ಅಪಾಯ. ಒಬ್ಬರು ಕೈ ಹಿಡಿದೇ ನಡೆಯಬೇಕು, ಮತ್ತು ಆ ಕೆಲಸ ಮೊಮ್ಮಕ್ಕಳದ್ದಾಗಲಿ.

ಹೆಜ್ಜೆ 5: ಬೆಳಿಗ್ಗೆ ಹೊರಡುವುದು

ನಮ್ಮ ಮೆಟ್ರೊ ನೇರಳೆ ಮಾರ್ಗ ಚಲ್ಲಘಟ್ಟದವರೆಗೆ ಹೋಗುತ್ತದೆ, ಅಲ್ಲಿಂದ ಮುಂದಕ್ಕೆ ಬಸ್ಸು ಅಥವಾ ಕ್ಯಾಬ್ ಹಿಡಿಯಬೇಕು. ಸ್ವಂತ ಕಾರಿದ್ದರೆ ಎಕ್ಸ್‌ಪ್ರೆಸ್‌ವೇ ಹತ್ತಿ ಮುಂದೆ ಹೋಗಿಬಿಡದಂತೆ ನೋಡಿಕೊಳ್ಳಿ, ಪಾರ್ಕ್‌ಗೆ ಸರ್ವಿಸ್ ರಸ್ತೆಗೆ ಇಳಿಯಬೇಕಾಗುತ್ತದೆ. ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕು, ಆಟೊ ಬಿಡುವುದಿಲ್ಲ ಎನ್ನುವುದೂ ನೆನಪಿರಲಿ.

ಹೊಟ್ಟೆ ಗಟ್ಟಿ ಮಾಡಿಕೊಂಡೇ ಒಳಗೆ ಹೋಗಿ. ಬಿಡದಿಯಲ್ಲಿ ತಟ್ಟೆ ಇಡ್ಲಿ ಇದೆ. ಮೈಸೂರು ಕಡೆಯಿಂದ ಬರುವವರಿಗೆ ದಾರಿಯಲ್ಲಿ ಮದ್ದೂರು ವಡೆ. ಇದು ಬರೀ ತಿಂಡಿ ವಿಷಯವಲ್ಲ. ಬಿಸಿ ತಟ್ಟೆ ಇಡ್ಲಿ ಮೇಲೆ ಬೆಣ್ಣೆ ಕರಗುವುದನ್ನು ನೋಡುತ್ತಾ ಎಲ್ಲರೂ ಒಂದೇ ಟೇಬಲ್ಲಿಗೆ ಕೂರುವುದು ಆ ದಿನದ ಮೊದಲ ಒಟ್ಟಿಗಿನ ಹೊತ್ತು. ಅವಸರ ಮಾಡಬೇಡಿ.

ಒಳಗೆ ಹೋದ ಮೇಲೆ ಮೊದಲ ಕೆಲಸ: ಸೇರುವ ಜಾಗವನ್ನು ಗೊತ್ತುಮಾಡಿಕೊಳ್ಳುವುದು. ನೆರಳಿರಬೇಕು, ಕೂರಲು ಜಾಗ ಇರಬೇಕು, ಶೌಚಾಲಯ ಹತ್ತಿರ ಇರಬೇಕು. ಮೊಬೈಲು ಲಾಕರ್‌ನಲ್ಲಿರುತ್ತದೆ, ಹಾಗಾಗಿ ಯಾವ ಹೊತ್ತಿಗೆ ಬಂದು ಸೇರುವುದು ಎಂದು ಬಾಯಿಮಾತಲ್ಲೇ ಗೊತ್ತಾಗಿರಬೇಕು. ಚಿಕ್ಕ ಮಕ್ಕಳ ಕೈಯ ಒಳಭಾಗದಲ್ಲಿ ಅಮ್ಮನ ಫೋನ್ ನಂಬರ್ ಅಳಿಸದ ಪೆನ್ನಿನಲ್ಲಿ ಬರೆದುಬಿಡಿ.

ಹೆಜ್ಜೆ 6: ಸಾಲಿನಲ್ಲಿ ನಿಂತಾಗ

ಇಡೀ ದಿನದಲ್ಲಿ ನನಗೆ ಅತಿ ಬೆಲೆಯುಳ್ಳದ್ದು ಅನ್ನಿಸುವುದು ಇದೇ. ಒಂದು ರೈಡ್ ಎರಡು-ಮೂರು ನಿಮಿಷದಲ್ಲಿ ಮುಗಿಯುತ್ತದೆ. ಅದಕ್ಕೆ ಕಾಯುವ ಹೊತ್ತು ಅದರ ಎಷ್ಟೋ ಪಟ್ಟು. ಇಡೀ ವರ್ಷದಲ್ಲಿ ತಾತ, ಅಪ್ಪ, ಮಗ ಮೂವರೂ ಮೊಬೈಲ್ ಇಲ್ಲದೆ, ಟಿವಿ ಇಲ್ಲದೆ ಪಕ್ಕಪಕ್ಕ ನಿಲ್ಲುವುದು ಬೇರೆ ಯಾವಾಗ?

ಈ ಹೊತ್ತಿಗೆ ಒಂದಿಷ್ಟು ಪ್ರಶ್ನೆಗಳನ್ನು ಮಕ್ಕಳಿಗೆ ಮೊದಲೇ ಹೇಳಿಕೊಟ್ಟಿರಿ. "ತಾತ, ನಿಮ್ಮೂರ ಜಾತ್ರೇಲಿ ತೊಟ್ಟಿಲು ಬರ್ತಿತ್ತಾ? ಎಷ್ಟು ದುಡ್ಡು ತಗೊಳ್ತಿದ್ರು? ನಿಮ್ಮ ಜೊತೆ ಯಾರು ಕೂರ್ತಿದ್ರು? ನಿಮ್ಮಪ್ಪ ಬೈತಿರಲಿಲ್ವಾ?" ನಮ್ಮ ಹಿರಿಯರಿಗೆ ಇಂಥ ಆಟ ಹೊಸದೇನಲ್ಲ. ಜಾತ್ರೆಯ ತಿರುಗುವ ತೊಟ್ಟಿಲನ್ನು ಅವರು ಹತ್ತಿಬಂದವರೇ. ಶಿರಸಿ ಕಡೆಯವರಾದರೆ ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯ ಆಟಗಳ ಸಾಲು ಕಣ್ಣಮುಂದೆ ಬರುತ್ತದೆ. ಮೈಸೂರಿನವರಿಗೆ ದಸರಾ ವಸ್ತುಪ್ರದರ್ಶನದ ಜೈಂಟ್ ವ್ಹೀಲ್. ಬೆಂಗಳೂರಿನ ಹಳಬರಿಗೆ ಬಸವನಗುಡಿಯ ಕಡಲೆಕಾಯಿ ಪರಿಷೆ. ಕಬ್ಬಿಣದ ಸಲಾಕೆ ಕಿರ್ರ್ ಅನ್ನುತ್ತಿದ್ದದ್ದು, ಮೇಲೆ ಹೋದಾಗ ಊರಿನ ದೇವಸ್ಥಾನದ ಗೋಪುರ ಕಂಡದ್ದು, ಇಳಿದ ಮೇಲೆ ಮಂಡಕ್ಕಿ-ಬತ್ತಾಸು ಕೊಂಡದ್ದು, ಎಲ್ಲ ಒಂದೊಂದಾಗಿ ಹೊರಬರುತ್ತದೆ.

ಮನೆಯ ಸೋಫಾ ಮೇಲೆ ಕೂರಿಸಿ "ನಿಮ್ಮ ಬಾಲ್ಯದ ಬಗ್ಗೆ ಹೇಳಿ" ಅಂದರೆ ಇದು ಬರುವುದಿಲ್ಲ. ತಿರುಗುವ ಚಕ್ರ ಕಣ್ಣೆದುರಿಗಿದ್ದಾಗ ಬರುತ್ತದೆ. ಮೊಮ್ಮಗಳಿಗೂ ಆ ಕತೆ ಆ ಚಕ್ರದ ಜೊತೆ ಸೇರಿಕೊಂಡೇ ಉಳಿಯುತ್ತದೆ. ಇದಕ್ಕೇ ಹೇಳುವುದು, ಕಾಲು ಗಂಟೆಯ ಸಾಲನ್ನು ತಪ್ಪಿಸಿಕೊಳ್ಳಬೇಡಿ. ಒಂದು ಗಂಟೆಯ ಸಾಲಾದರೆ ಬೇರೆ ಮಾತು, ಆಗ ಹಿರಿಯರನ್ನು ನೆರಳಲ್ಲಿ ಕೂರಿಸಿ ಮೊಮ್ಮಕ್ಕಳಲ್ಲಿ ಒಬ್ಬರು ಜೊತೆಗಿರಲಿ.

ಹೆಜ್ಜೆ 7: ಫೋಟೊ ಕಡಿಮೆ, ಆದರೆ ಹತ್ತಿರದಿಂದ

ಲಿಂಡಾ ಹೆಂಕೆಲ್ ಎಂಬ ಮನಶ್ಶಾಸ್ತ್ರಜ್ಞೆ 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಿದ್ಯಾರ್ಥಿಗಳನ್ನು ಮ್ಯೂಸಿಯಂಗೆ ಕರೆದೊಯ್ದು ಕೆಲವು ವಸ್ತುಗಳನ್ನು ಸುಮ್ನೆ ನೋಡಲು, ಕೆಲವನ್ನು ಫೋಟೊ ತೆಗೆಯಲು ಹೇಳಿದರು. ಫೋಟೊ ತೆಗೆದ ವಸ್ತುಗಳು ಕಡಿಮೆ ನೆನಪಿದ್ದವು. ಆದರೆ ಒಂದು ಭಾಗವನ್ನೇ ಝೂಮ್ ಮಾಡಿ ತೆಗೆದಾಗ ನೆನಪು ಹಾಗೆ ಕುಂದಲಿಲ್ಲ.

ಹಾಗಾಗಿ ಒಟ್ಟಿಗೆ ಮಾಡುವ ಮೂರು ಸಂಗತಿಗೆ ಒಂದೊಂದು ಫೋಟೊ ಸಾಕು. ಅಜ್ಜಿ ಮೊಮ್ಮಗನ ಕೈಯನ್ನು ಗಟ್ಟಿಯಾಗಿ ಹಿಡಿದಿರುವುದು, ತಾತನ ಒದ್ದೆ ಕೂದಲು, ಇಂಥದ್ದನ್ನು ಹತ್ತಿರದಿಂದ ತೆಗೆಯಿರಿ. ಫೋಟೊ ತೆಗೆಯುವವರು ಬದಲಾಗುತ್ತಿರಲಿ, ಇಲ್ಲದಿದ್ದರೆ ಅಮ್ಮ ಎಲ್ಲೂ ಕಾಣುವುದಿಲ್ಲ.

ಹೆಜ್ಜೆ 8: ಸುಸ್ತಾಗುವ ಮೊದಲೇ ಹೊರಡಿ

ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಮತ್ತು ಜೊತೆಗಾರರು 1993ರಲ್ಲಿ ಪ್ರಕಟಿಸಿದ ಪ್ರಯೋಗ ಹೀಗಿತ್ತು. ಜನ ಒಮ್ಮೆ ಕೈ ನೋಯುವಷ್ಟು ತಣ್ಣಗಿನ, 14 ಡಿಗ್ರಿಯ ನೀರಿನಲ್ಲಿ 60 ಸೆಕೆಂಡ್ ಕೈ ಅದ್ದಿದರು. ಇನ್ನೊಮ್ಮೆ ಅಷ್ಟೇ ಹೊತ್ತು ಅದ್ದಿ, ಮೇಲೆ 30 ಸೆಕೆಂಡ್ ಹಾಗೇ ಇಟ್ಟರು. ಆ ಕೊನೆಯ 30 ಸೆಕೆಂಡಿನಲ್ಲಿ ನೀರನ್ನು 15 ಡಿಗ್ರಿಯವರೆಗೆ ಸ್ವಲ್ಪ ಬೆಚ್ಚಗೆ ಮಾಡುತ್ತಾ ಹೋದರು. ಯಾವುದನ್ನು ಮತ್ತೆ ಮಾಡುತ್ತೀರಿ ಎಂದು ಕೇಳಿದಾಗ ಹೆಚ್ಚಿನವರು ಆರಿಸಿದ್ದು ಉದ್ದನೆಯದನ್ನೇ. ಕೊನೆ ಹೇಗಿತ್ತು ಅನ್ನುವುದು ಇಡೀ ಅನುಭವದ ನೆನಪಿಗೆ ಬಣ್ಣ ಬಳಿಯುತ್ತದೆ.

ಟಿಕೆಟ್ ದುಡ್ಡು ವಸೂಲಿ ಆಗಲಿ ಎಂದು ಗೇಟು ಮುಚ್ಚುವವರೆಗೂ ಎಳೆಯಬೇಡಿ. ಮಗು ಅಳುತ್ತಾ, ತಾತನ ಕಾಲು ಊದಿಕೊಂಡು, ಅಪ್ಪ-ಅಮ್ಮ ಪಾರ್ಕಿಂಗ್‌ನಲ್ಲಿ ಜಗಳವಾಡುತ್ತಾ ಮುಗಿದ ದಿನ ಹಾಗೆಯೇ ನೆನಪಿರುತ್ತದೆ. ಒಟ್ಟಿಗೆ ಮಾಡುವ ಮೂರನೆಯ ಸಂಗತಿಯನ್ನು ಸಂಜೆಗೆ ಉಳಿಸಿಕೊಳ್ಳಿ. ಅದನ್ನು ಮುಗಿಸಿ, ಒಣಬಟ್ಟೆ ಹಾಕಿ, ಬಿಸಿ ಕಾಫಿ ಕುಡಿದು ಹೊರಡಿ.

ಹೆಜ್ಜೆ 9: ಮನೆಗೆ ಬಂದ ಮೇಲೆ ಮಾತಾಡಿ

ಇದರ ಬಗ್ಗೆ ಒಳ್ಳೆಯ ಅಧ್ಯಯನವೇ ಇದೆ, ಅದೂ ಪಾರ್ಕ್‌ಗೆ ಹೋದ ಮಕ್ಕಳ ಮೇಲೆ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ರಾಬಿನ್ ಫಿವುಶ್ ಮತ್ತು ಸಹೋದ್ಯೋಗಿ 1991ರಲ್ಲಿ ಪ್ರಕಟಿಸಿದ ಅಧ್ಯಯನವದು. ಮೂರು-ನಾಲ್ಕು ವರ್ಷ ವಯಸ್ಸಿನಲ್ಲಿ ಡಿಸ್ನಿ ವರ್ಲ್ಡ್‌ಗೆ ಹೋಗಿಬಂದ 48 ಮಕ್ಕಳನ್ನು, ಕೆಲವರನ್ನು 6 ತಿಂಗಳ ಮೇಲೆ, ಉಳಿದವರನ್ನು 18 ತಿಂಗಳ ಮೇಲೆ ಮಾತಾಡಿಸಿದರು. ಎಲ್ಲ ಮಕ್ಕಳಿಗೂ ಸಾಕಷ್ಟು ನೆನಪಿತ್ತು. ಮನೆಯಲ್ಲಿ ಆ ಪ್ರವಾಸದ ಬಗ್ಗೆ ಹೆಚ್ಚು ಮಾತಾಡಿದ ಮಕ್ಕಳಿಗೆ ಹೆಚ್ಚು ನೆನಪಿತ್ತು.

ಅದೇ ಎಮೊರಿ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಬಾವರ್ 2014ರಲ್ಲಿ ತೋರಿಸಿದ್ದು ಇನ್ನೊಂದು ಮುಖ. ಮೂರನೆಯ ವಯಸ್ಸಿನಲ್ಲಿ ನಡೆದ ಸಂಗತಿಗಳಲ್ಲಿ ಶೇ. 60ಕ್ಕಿಂತ ಹೆಚ್ಚನ್ನು ಮಕ್ಕಳು 5ರಿಂದ 7ನೇ ವಯಸ್ಸಿನವರೆಗೆ ನೆನಪಿಟ್ಟುಕೊಂಡಿದ್ದರು. 8-9 ವರ್ಷಕ್ಕೆ ಅದು ಶೇ. 40ಕ್ಕಿಂತ ಕೆಳಗಿಳಿಯಿತು. ಚಿಕ್ಕ ಮಗುವಿನ ನೆನಪು ತಾನಾಗಿ ಉಳಿಯುವುದಿಲ್ಲ. ಮನೆಯವರು ಮಾತಿನಲ್ಲಿ ಅದನ್ನು ಜೀವಂತ ಇಡಬೇಕು. "ಇಷ್ಟು ಚಿಕ್ಕ ಮಗುವನ್ನು ಕರೆದುಕೊಂಡು ಹೋಗಿ ಏನು ಪ್ರಯೋಜನ, ನೆನಪಿರಲ್ಲ" ಅನ್ನುವವರಿಗೆ ನನ್ನ ಉತ್ತರವೂ ಇದೇ.

ಮಾಡುವುದು ಹೀಗೆ. ವಾಪಸ್ ಬರುವ ದಾರಿಯಲ್ಲೇ ಶುರುಮಾಡಿ. "ಮಜಾ ಬಂತಾ?" ಅಂತ ಕೇಳಬೇಡಿ, "ಹೂಂ" ಅಂದು ಮುಗಿಯುತ್ತದೆ. "ಅಲೆ ಬಂದಾಗ ಅಜ್ಜಿ ಏನಂದ್ರು?" "ತಾತ ಯಾಕೆ ಅಷ್ಟು ನಕ್ಕಿದ್ದು?" ಅಂತ ಕೇಳಿ. ಮಗು ಹೇಳಿದ್ದನ್ನೇ ಹಿಡಿದು ಮುಂದಕ್ಕೆ ಹೋಗಿ, ನಡುವೆ ತಿದ್ದಬೇಡಿ. ಮಾರನೆಯ ದಿನ ಊರಿನಲ್ಲಿರುವ ಅತ್ತೆಗೋ ಚಿಕ್ಕಪ್ಪನಿಗೋ ಫೋನ್ ಮಾಡಿ, ಮಗುವೇ ಕತೆ ಹೇಳಲಿ. ಆಮೇಲೆ ಫೋನ್ ಅಜ್ಜಿ ಕೈಗೆ ಕೊಡಿ. ಅದೇ ದಿನದ ಕತೆ ಬೇರೆ ಥರ ಬರುತ್ತದೆ, ಮಗು ಬಾಯಿಬಿಟ್ಟು ಕೇಳುತ್ತದೆ.

ಜೊತೆಗೆ ಒಂದು ನೋಟ್‌ಬುಕ್ ಇಡಿ. ಆ ವಾರದೊಳಗೆ ಪ್ರತಿಯೊಬ್ಬರೂ ನಾಲ್ಕು ಸಾಲು ಬರೆಯಲಿ. ಬರೆಯಲು ಬಾರದ ಮಗು ಚಿತ್ರ ಬಿಡಿಸಲಿ. ತಾತ ಸಾಲಿನಲ್ಲಿ ಹೇಳಿದ ಜಾತ್ರೆಯ ಕತೆ ಅವರ ಕೈಬರಹದಲ್ಲೇ ಇರಲಿ. ತಡಮಾಡಬೇಡಿ, ಯಾಕೆಂದರೆ ನೆನಪು ಬೇಗ ರೂಪ ಬದಲಿಸುತ್ತದೆ. ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಮತ್ತು ಜೊತೆಗಾರರು 2002ರಲ್ಲಿ, ಡಿಸ್ನಿಲ್ಯಾಂಡ್‌ನಲ್ಲಿ ಬಗ್ಸ್ ಬನ್ನಿ ಎಂಬ ಕಾರ್ಟೂನ್ ಮೊಲ ಇರುವ ನಕಲಿ ಜಾಹೀರಾತನ್ನು ಜನರಿಗೆ ತೋರಿಸಿದರು. ಆ ಮೊಲ ಬೇರೆ ಕಂಪನಿಯದು, ಅಲ್ಲಿ ಇರಲು ಸಾಧ್ಯವೇ ಇಲ್ಲ. ಆದರೂ ಕೆಲವರು ಚಿಕ್ಕಂದಿನಲ್ಲಿ ಅಲ್ಲಿ ಅದನ್ನು ಭೇಟಿಯಾಗಿದ್ದೆವು ಎಂದೇ ನಂಬಿದರು!

ವಿದೇಶದಲ್ಲಿರುವವರಿಗೆ

ಅಮೆರಿಕದಲ್ಲಿರುವ ನಮ್ಮವರು ಊರಿಂದ ಬಂದ ಅಪ್ಪ-ಅಮ್ಮನನ್ನು ಆರ್ಲ್ಯಾಂಡೊದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಕರೆದೊಯ್ಯುವುದು ಸಾಮಾನ್ಯ. ಅದು ಒಂದು ಪಾರ್ಕ್ ಅಲ್ಲ, ನಾಲ್ಕು. ಹಿರಿಯರಿದ್ದರೆ ದಿನಕ್ಕೊಂದಕ್ಕಿಂತ ಜಾಸ್ತಿ ಬೇಡ, ನಡುವೆ ಒಂದು ದಿನ ವಿಶ್ರಾಂತಿ ಇರಲಿ. ಚೆನ್ನಾಗಿ ನಡೆಯಬಲ್ಲವರಿಗೂ ಗಾಲಿಕುರ್ಚಿ ಬಾಡಿಗೆಗೆ ತೆಗೆದುಕೊಳ್ಳಿ, ದೂರ ಬಹಳ. ಅಲ್ಲಿ ಹೊರಗಿನ ತಿಂಡಿ ಒಯ್ಯಬಹುದು, ಗಾಜಿನ ಡಬ್ಬಿ ಮಾತ್ರ ಬೇಡ. ಚಪಾತಿ, ಪುಳಿಯೋಗರೆ ಡಬ್ಬಿಯಲ್ಲಿದ್ದರೆ ಸಸ್ಯಾಹಾರಿ ಅಮ್ಮನ ಅರ್ಧ ಚಿಂತೆ ಕಳೆಯಿತು. ಚಿಕ್ಕ ಮಗು ಇದ್ದರೆ ರೈಡರ್ ಸ್ವಿಚ್ ಕೇಳಿ. ಒಬ್ಬರು ಮಗುವಿನ ಜೊತೆ ಹೊರಗಿದ್ದು, ಇನ್ನೊಬ್ಬರು ಇಳಿದು ಬಂದ ಮೇಲೆ ಮತ್ತೆ ಸಾಲು ನಿಲ್ಲದೆ ಹತ್ತಬಹುದು. ಹಿರಿಯರ ಜೊತೆ ಹೋಗಲು ನನ್ನ ಆಯ್ಕೆ ಅನಿಮಲ್ ಕಿಂಗ್‌ಡಮ್. ಅಲ್ಲಿನ ಮಹಾರಾಜ ಜಂಗಲ್ ಟ್ರೆಕ್ ಕಾಲುದಾರಿಯಲ್ಲಿ ಹುಲಿ ನೋಡುತ್ತಾ ನಮ್ಮ ಬಂಡೀಪುರ, ನಾಗರಹೊಳೆಯ ಮಾತು ತಾನಾಗಿ ಬರುತ್ತದೆ.

ಹೆಜ್ಜೆ 10: ಅದೇ ಪಾರ್ಕ್‌ಗೆ ಮತ್ತೆ ಹೋಗಿ

ಪ್ರತಿ ಸಲ ಹೊಸ ಜಾಗ ಬೇಕಿಲ್ಲ. ನಾಲ್ಕೈದು ವರ್ಷ ಬಿಟ್ಟು ಅದೇ ಪಾರ್ಕ್‌ಗೆ ಮತ್ತೆ ಹೋಗಿ. ಹೊರಡುವ ಹಿಂದಿನ ರಾತ್ರಿ ನೋಟ್‌ಬುಕ್ ತೆಗೆದು ಎಲ್ಲರೂ ಸೇರಿ ಓದಿ. ಮಗುವನ್ನು ಗೋಡೆಯ ಹಳೆಯ ಗೆರೆಯ ಪಕ್ಕ ನಿಲ್ಲಿಸಿ. 140 ದಾಟಿದ್ದರೆ ಅಪ್ಪ ಮೊದಲು ಹತ್ತಿದ ರೈಡ್ ಯಾವುದೋ ಅದನ್ನೇ ಈ ಸಲ ಅಪ್ಪ-ಮಗಳು ಜೊತೆಯಾಗಿ ಹತ್ತಲಿ. ಹಳೆಯ ಫೋಟೊ ತೆಗೆದ ಜಾಗದಲ್ಲೇ ಮತ್ತೊಂದು ತೆಗೆಯಿರಿ. ತಾತನಿಗೆ ಈಗ ಹೆಚ್ಚು ನಡೆಯಲು ಆಗದಿದ್ದರೆ ಗಾಲಿಕುರ್ಚಿ ಸಿಗುತ್ತದೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿ. ಪಾರ್ಕ್‌ಗೆ ಅಂಟಿಕೊಂಡೇ ವಂಡರ್‌ಲಾದ ರೆಸಾರ್ಟ್ ಇದೆ, ಹಿಂದಿನ ರಾತ್ರಿ ಅಲ್ಲೇ ಉಳಿದರೆ ಪ್ರಯಾಣದ ಸುಸ್ತು ಕಡಿಮೆ. ಒಟ್ಟಿಗೆ ಮಾಡುವ ಮೂರು ಸಂಗತಿಯನ್ನು ಈ ಸಲ ತಾತನೇ ಆರಿಸಲಿ, ಪಟ್ಟಿಯನ್ನು ಮೊಮ್ಮಗಳು ಓದಿ ಹೇಳಲಿ.